ಗುಜರಿಗೆ ಹೋಗದ ಕಾರುಗಳು: ಘಟ್ಟ ಮತ್ತು ಕರಾವಳಿಯ ನಡುವಿನ ಒಂದು ಬಳಗದ ಕಥೆ

(ಶಿರಸಿಯಲ್ಲಿ ಮಳೆಗಾಲದ ಒಂದು ಭಾನುವಾರ ನೀಡಿದ ಉಪನ್ಯಾಸವನ್ನು ತುಸು ವಿಸ್ತರಿಸಿ ಬರೆದದ್ದು.)

ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಮೊದಲು ಹಿಂಜರಿದೆ. ನಮ್ಮ ಬಳಗಕ್ಕೆ ಫಲಕವಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ಎರಡೇ ಆಸನಗಳ, ಮಾಡು ಮಡಚುವ, ಎಲ್ಲರೂ ಒಪ್ಪುವ ಅರ್ಥದ ಸ್ಪೋರ್ಟ್ಸ್ ಕಾರು ನಮ್ಮಲ್ಲಿರುವುದು ಒಂದೇ ಒಂದು, ಅದೂ ಮಳೆಗಾಲ ಪೂರ್ತಿ ಚಕ್ರ ನೆಲಕ್ಕೆ ತಾಗದೆ ಕಟ್ಟಿಗೆಯ ದಿಮ್ಮಿಗಳ ಮೇಲೆ ಕುಳಿತಿರುತ್ತದೆ. ಉಳಿದವು ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಒಂದು ಸಿಪಾನಿ ಡಾಲ್ಫಿನ್ ಮತ್ತು ಅಡಿಕೆ ತೋಟದ ದಾರಿಗಳಲ್ಲಿ ಮೈ ಸವೆಸಿಕೊಂಡ ಕೆಲವು ಜೀಪುಗಳು. ಆದರೆ ಜಗತ್ತಿನ ದೊಡ್ಡ ಸ್ಪೋರ್ಟ್ಸ್ ಕಾರ್ ಕ್ಲಬ್ಬುಗಳ ಹುಟ್ಟನ್ನು ಓದಿದಂತೆಲ್ಲ, ಅವರನ್ನು ಒಂದುಗೂಡಿಸಿದ ಕಾರಣವೂ ನಮ್ಮನ್ನು ಒಂದುಗೂಡಿಸಿದ ಕಾರಣವೂ ಬೇರೆಯಲ್ಲ ಎನ್ನಿಸಿತು. ಅದು ವೇಗವಲ್ಲ. ಒಬ್ಬನೇ ಸಾಕಲಾಗದ ಯಂತ್ರವನ್ನು ನಾಲ್ಕು ಜನ ಸೇರಿ ಸಾಕುವ ಅನಿವಾರ್ಯ ಅದು.

ಇಂಗ್ಲೆಂಡಿನ ಎಂ.ಜಿ. ಕಾರಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಆ ಮಾರಾಟ ಮಳಿಗೆಯ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಎಂಬಾತ ಸಾಧಾರಣ ಮಾರಿಸ್ ಕಾರಿನ ಅಡಿಗಟ್ಟಿಗೆ ಹಗುರವಾದ, ಚೆಲುವಾದ ಮೈ ಕೂರಿಸಿ ಮಾರತೊಡಗಿದ. ಸಿರಿವಂತರ ಆಟಿಕೆಯಾಗಿದ್ದ ಸ್ಪೋರ್ಟ್ಸ್ ಕಾರು ಗುಮಾಸ್ತರ, ಸಣ್ಣ ವ್ಯಾಪಾರಿಗಳ ಕೈಗೂ ಎಟುಕಿದ್ದು ಇಂತಹ ಬೆರಕೆಯಿಂದ. 1930ರಲ್ಲಿ ಮಾಲೀಕರೇ ಸೇರಿ ಎಂ.ಜಿ. ಕಾರ್ ಕ್ಲಬ್ ಕಟ್ಟಿದರು. ಅದರ ಮೊದಲ ಕಾರ್ಯದರ್ಶಿ ಜಾನ್ ಥಾರ್ನ್‌ಲಿ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದ ತರುಣ. ಕ್ಲಬ್ಬಿನ ಓಡಾಟದಿಂದಲೇ ಕಾರ್ಖಾನೆಯೊಳಗೆ ಕೆಲಸ ಹಿಡಿದು, 1952ರಲ್ಲಿ ಆ ಕಾರ್ಖಾನೆಯ ಮುಖ್ಯಸ್ಥನೇ ಆದ. ಗಿರಾಕಿಗಳ ಸಂಘದಿಂದ ಬಂದವನೊಬ್ಬ ಕಂಪನಿ ನಡೆಸಿದ ಇಂತಹ ಪ್ರಸಂಗ ವಾಹನೋದ್ಯಮದಲ್ಲಿ ಅಪರೂಪ. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಎಂಬ ಮಾದರಿಯ ಒಟ್ಟು ಸಂಖ್ಯೆ 10,000ದಷ್ಟು. ಅದರ ಎಂಜಿನ್ 1,250 ಸಿ.ಸಿ., ಶಕ್ತಿ 54 ಅಶ್ವಶಕ್ತಿ. ಇಂದಿನ ಸಾಮಾನ್ಯ ಸಂಸಾರದ ಕಾರೂ ಅದಕ್ಕಿಂತ ಬಲಶಾಲಿ ಎಂಬುದನ್ನು ಗಮನಿಸಿದರೆ, ಸ್ಪೋರ್ಟ್ಸ್ ಕಾರಿನ ಗುಣ ಬಲದಲ್ಲಿಲ್ಲ, ಹಗುರದಲ್ಲಿದೆ, ತಿರುವಿನಲ್ಲಿ ಚಾಲಕನ ಕೈಗೆ ಅದು ಕೊಡುವ ಉತ್ತರದಲ್ಲಿದೆ ಎನ್ನುವುದು ತಿಳಿಯುತ್ತದೆ.

ಈ ಕಥೆಯ ಉತ್ತರಾರ್ಧ ನಮಗೆ ಇನ್ನೂ ಹತ್ತಿರದ್ದು. ಎಂ.ಜಿ.ಯ ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದ ಕಾರು ಹತ್ತು ಹದಿನೈದು ವರ್ಷಗಳಲ್ಲಿ ರಸ್ತೆಯಿಂದ ಮಾಯವಾಗುವುದು ವಾಡಿಕೆ. ಆದರೆ ಮಾಲೀಕರ ಕ್ಲಬ್ಬುಗಳು ಬಿಡಿಭಾಗಗಳ ಬೇಡಿಕೆಯನ್ನು ಜೀವಂತವಾಗಿ ಇಟ್ಟದ್ದರಿಂದ, ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಲ್ಲಿ ಎಂ.ಜಿ.ಬಿ. ಮಾದರಿಯ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುವಷ್ಟರ ಮಟ್ಟಿಗೆ ಅಲ್ಲಿನವರು ಹೋದರು. ಕಾರವಾರದ ಹೆದ್ದಾರಿಯಲ್ಲಿ ಈಗ ಎಂ.ಜಿ. ಎಂಬ ಅದೇ ಎಂಟು ಮೂಲೆಯ ಲಾಂಛನ ಹೊತ್ತ ಎತ್ತರದ ಹೊಸ ಗಾಡಿಗಳನ್ನು ನೀವು ನೋಡುತ್ತಿದ್ದೀರಿ. ಅವು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವಂಥವು, ಹೆಸರಿನ ಒಡೆತನ ಚೀನಾದ ಕಂಪನಿಯದು. ಹೆಸರೊಂದೇ ಉಳಿದು ವಂಶ ಬದಲಾದದ್ದಕ್ಕೆ ನನ್ನ ಆಕ್ಷೇಪವೇನಿಲ್ಲ, ಆದರೆ ಎಳೆಯರು ನಮ್ಮ ಗೆಳೆಯರ ಹಳೆಯ ಎಂ.ಜಿ.ಯನ್ನು ನೋಡಿ ಆ ಹೊಸ ಗಾಡಿಗಳಲ್ಲೊಂದರ ಹೆಸರು ಹಿಡಿದು “ಇದು ಹೆಕ್ಟರ್‌ನ ಯಾವ ಮಾಡೆಲ್?” ಎಂದು ಕೇಳಿದಾಗ ಅವರ ಮುಖ ಸಪ್ಪಗಾಗುವುದನ್ನು ಕಂಡಿದ್ದೇನೆ.

ಭಾರತಕ್ಕೆ ಬರೋಣ. ವಾಹನ ಸಂಘಗಳು ನಮ್ಮಲ್ಲಿ ಹೊಸತೇನಲ್ಲ: ಬಂಗಾಳದ ಸಂಘ 1904ರಲ್ಲಿ, ದಕ್ಷಿಣ ಭಾರತದ ಸಂಘ 1905ರಲ್ಲಿ, ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಶನ್ 1919ರಲ್ಲಿ ಹುಟ್ಟಿದವು. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತಕ್ಕೇ ಸೇರಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ಮೋಟಾರು ಕ್ರೀಡೆಗಾಗಿಯೇ ಕಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರದು. ಯುದ್ಧಕಾಲದ ಶೋಳಾವರಂ ವಿಮಾನಪಟ್ಟಿಯಲ್ಲಿ ದಶಕಗಳ ಕಾಲ ಪಂದ್ಯ ನಡೆಸಿ, 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ತನ್ನದೇ ಪಥ ತೆರೆದದ್ದು ಅದರ ಸಾಧನೆ. ಹಳೆಯ ಕಾರುಗಳ ಮೆರವಣಿಗೆಗೆ ಹೆಸರಾದ ಸ್ಟೇಟ್ಸ್‌ಮನ್ ರ‍್ಯಾಲಿ ದಿಲ್ಲಿಯಲ್ಲಿ 1964ರಲ್ಲಿ ಆರಂಭವಾಯಿತು. ಕಾರುಗಳ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಕಾರುಗಳಿಗೆ. ದೇಶದೊಳಗೇ ಪೂರ್ಣ ತಯಾರಿಕೆ ಮಾಡುವವರಿಗೆ ಮಾತ್ರ ಅವಕಾಶವೆಂಬ ನೀತಿ 1953ರಲ್ಲಿ ಬಂದು, ಬರಿದೇ ಜೋಡಣೆ ಮಾಡುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರಟುಹೋದ ಮೇಲೆ ಮೂವತ್ತು ವರ್ಷ ನಮ್ಮ ರಸ್ತೆಗಳಲ್ಲಿ ಮುಖ್ಯವಾಗಿ ಓಡಿದ್ದು ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಈ ಮೂರೇ. ಕಾರವಾರದವರಿಗೆ ಮಾತ್ರ ಒಂದು ಕಿಟಕಿ ತೆರೆದಿತ್ತು. ಕಾಳಿ ನದಿ ದಾಟಿ ಮಾಜಾಳಿಯ ಆಚೆ 1961ರ ಡಿಸೆಂಬರ್‌ವರೆಗೂ ಇದ್ದದ್ದು ಪೋರ್ಚುಗೀಸರ ಗೋವಾ. ಅಲ್ಲಿ ಆಮದಿನ ಬಿಗಿ ನಮ್ಮಲ್ಲಿಯಷ್ಟು ಇರಲಿಲ್ಲವಾದ್ದರಿಂದ ಮರ್ಸಿಡಿಸ್, ಓಪೆಲ್ ಕಾರುಗಳು ಟ್ಯಾಕ್ಸಿಗಳಾಗಿಯೂ ಓಡುತ್ತಿದ್ದವು. ಆ ಕಡೆಯ ನೆಂಟಸ್ತಿಕೆಯ ಮೂಲಕ ಬಂದದ್ದೇ ನಮ್ಮ ಬಳಗದ ಆ ಒಂದೇ ಎಂ.ಜಿ.

ನನ್ನ ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ, ಆದರೆ ಸ್ಪೋರ್ಟ್ಸ್ ಕಾರಿನ ಅಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಚಿತ್ರಿಸಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಆ ಹೊತ್ತಿಗೆ ಕಂಪನಿಗೆ ಮೈ ಒತ್ತಿಕೊಡುತ್ತಿದ್ದ ಕಾರ್ಖಾನೆ ಪ್ರತಿಸ್ಪರ್ಧಿಯ ಪಾಲಾಗಿತ್ತು. ಹೀಗಾಗಿ ಇಡಿಯ ಮೈಯನ್ನು ಒಂದೇ ತುಂಡಾಗಿ ಮಾಡಲಾಗದೆ, ಪ್ರತ್ಯೇಕ ಚಾಸಿಯ, ಅಂದರೆ ಅಡಿಗಟ್ಟಿನ, ಮೇಲೆ ಬಿಡಿ ಬಿಡಿ ತುಂಡುಗಳನ್ನು ಬೋಲ್ಟು ಹಾಕಿ ಕೂರಿಸುವ ಉಪಾಯ ಹೂಡಿದರು. ಬಡತನದಲ್ಲಿ ಹುಟ್ಟಿದ ಆ ಉಪಾಯವೇ ವರವಾಯಿತು. ಅದೇ ಚಾಸಿಯನ್ನು ಗಿಡ್ಡ ಮಾಡಿ, ಮಿಕೆಲೊಟ್ಟಿಯಿಂದಲೇ ಎರಡು ಆಸನದ ಮೈ ಬರೆಸಿ 1962ರಲ್ಲಿ ಹೊರತಂದದ್ದು ಟ್ರಯಂಫ್ ಸ್ಪಿಟ್‌ಫೈರ್, 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾದ ಸ್ಪೋರ್ಟ್ಸ್ ಕಾರು. ಭಾರತದಲ್ಲಿ ಹೆರಾಲ್ಡನ್ನು 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿತು, ಸ್ಪಿಟ್‌ಫೈರ್ ಇಲ್ಲಿ ತಯಾರಾಗಲೇ ಇಲ್ಲ. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮುಂದಿನ ಚಕ್ರದ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದು. ಅದರ ತಿರುಗು ವೃತ್ತ ಕೇವಲ 25 ಅಡಿ. ದೇವಿಮನೆ ಘಟ್ಟದ ಹಿಮ್ಮುರಿ ತಿರುವಿನಲ್ಲಿ ಬಸ್ಸಿಗೆ ಜಾಗ ಬಿಟ್ಟು ತಿರುಗಬೇಕಾದಾಗ ಆ 25 ಅಡಿಯ ಬೆಲೆ ಏನೆಂದು ನನ್ನ ತಂದೆಯವರು ಹೇಳುತ್ತಿದ್ದದ್ದು ಉತ್ಪ್ರೇಕ್ಷೆಯಾಗಿರಲಿಲ್ಲ. ದೋಷವನ್ನೂ ಹೇಳಿಬಿಡುತ್ತೇನೆ: ಹಿಂದಿನ ಚಕ್ರಗಳು ಉಯ್ಯಾಲೆಯಂತೆ ತೂಗುವ ಆಕ್ಸಲ್ಲಿನವು, ತಿರುವಿನ ನಡುವೆ ಹೆದರಿ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟರೆ ಚಕ್ರ ಒಳಮಡಚಿಕೊಂಡು ಕಾರಿನ ಹಿಂಬದಿ ಹೊರಕ್ಕೆ ಜಾರುತ್ತದೆ.

ಕರ್ನಾಟಕದ ಪಾಲನ್ನು ಹೇಳದಿದ್ದರೆ ಈ ಇತಿಹಾಸ ಅರ್ಧವಾದೀತು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ತಯಾರಿಸಿತು. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಫೈಬರ್ ಗ್ಲಾಸಿನ ಮೈ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಗಿರಾಕಿಗಳೆಲ್ಲ ಅತ್ತ ಹೋದರೂ, ಹಗುರವಾದ ಈ ಕಾರನ್ನು ರ‍್ಯಾಲಿಯವರು ಬಿಡಲಿಲ್ಲ; ಮಣ್ಣು ರಸ್ತೆಯ ಸ್ಪರ್ಧೆಗಳಲ್ಲಿ ಅದು ತನಗಿಂತ ದೊಡ್ಡ ಗಾಡಿಗಳನ್ನು ಹಿಂದಿಕ್ಕುತ್ತಿತ್ತು. ಬೆಂಗಳೂರಿನದೇ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ರೆನೋ ಎಂಜಿನ್ನಿನ, ಫೈಬರ್ ಮೈಯ ಸ್ಟಾರ್ಮ್ ಎಂಬ ಎರಡಾಸನದ ಕಾರು ತಂದಿತು, ಹೆಚ್ಚು ಜನ ಕೊಳ್ಳಲಿಲ್ಲ. ನಮ್ಮ ಬಳಗದ ಡಾಲ್ಫಿನ್ ಕಾರವಾರದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯದು. ಫೈಬರ್ ಮೈಗೆ ತುಕ್ಕು ಹಿಡಿಯದೆಂಬ ಧೈರ್ಯದಲ್ಲಿ ಅವರು ಸಮುದ್ರದ ದಂಡೆಯ ಮನೆಯಲ್ಲಿ ಅದನ್ನು ಇಟ್ಟುಕೊಂಡರು. ಮೈ ನಿಜಕ್ಕೂ ಚೆನ್ನಾಗಿ ಉಳಿಯಿತು, ಅದರಡಿಯ ಕಬ್ಬಿಣದ ಚಾಸಿ ಮಾತ್ರ ಉಪ್ಪುಗಾಳಿಗೆ ಹಪ್ಪಳದಂತೆ ಪದರ ಪದರವಾಗಿ ಎದ್ದಿತು.

ಬಳಗ ಹುಟ್ಟಿದ್ದು ಶಿರಸಿಯ ಒಂದು ಗ್ಯಾರೇಜಿನ ಅಂಗಳದಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ ನನಗೆ ಎಂಜಿನ್ನಿನ ಸಿದ್ಧಾಂತ ಗೊತ್ತಿತ್ತು, ಹೆರಾಲ್ಡಿನ ವಾಟರ್ ಪಂಪು ಎಲ್ಲಿ ಸಿಗುತ್ತದೆಂದು ಗೊತ್ತಿರಲಿಲ್ಲ. ಅದೇ ದಿನ ಪದ್ಮಿನಿಯ ಕ್ಲಚ್ ಪ್ಲೇಟಿಗಾಗಿ ಸಿದ್ದಾಪುರದ ಒಬ್ಬರೂ, ಅಂಬಾಸಡರಿನ ಕಿಂಗ್ ಪಿನ್ನಿಗಾಗಿ ಯಲ್ಲಾಪುರದ ಒಬ್ಬರೂ ಅಲ್ಲಿ ಕಾದು ಕುಳಿತಿದ್ದರು. ಗ್ಯಾರೇಜಿನ ಮೇಸ್ತ್ರಿ ನಮ್ಮ ಮೂವರನ್ನೂ ನೋಡಿ, “ಮಾಸ್ತರ್ರೇ, ಓಡೋ ಗಾಡಿಗಿಂತ ನಿಂತ ಗಾಡಿನೇ ಬೇಗ ಹಾಳಾಗ್ತದೆ. ಮೂರೂ ಜನ ಒಂದೊಂದು ಊರಿಗೆ ಹೋಗಿ ಹುಡುಕೂದ್ಕಿಂತ ಒಬ್ರೇ ಹುಬ್ಬಳ್ಳಿಗೆ ಹೋಗಿ ಮೂರೂ ಸಾಮಾನು ತನ್ನಿ” ಎಂದರು. ನಮ್ಮ ಸಂವಿಧಾನವೆಂದರೆ ಈ ಎರಡು ವಾಕ್ಯಗಳು. ಆ ವಾರದಿಂದ ಒಂದು ನೋಟ್‌ಪುಸ್ತಕ ಶುರುವಾಯಿತು: ಯಾರ ಬಳಿ ಯಾವ ಬಿಡಿಭಾಗ ಹೆಚ್ಚಿಗಿದೆ, ಯಾವ ಗಾಡಿಯ ಬೇರಿಂಗು ಯಾವ ಗಾಡಿಗೆ ಹೊಂದುತ್ತದೆ, ಯಾವ ಊರಿನ ಯಾವ ಲೇಥ್‌ನವರು ಹಳೆಯ ಬುಶ್ ಕಡೆದು ಕೊಡುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಮೇಸ್ತ್ರಿ ಈಗಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನು ನಾನು ಬರೆದಿಟ್ಟ ಹದಿನಾರು ಪುಟಗಳು ಆ ಪುಸ್ತಕದಲ್ಲಿ ಹೆಚ್ಚು ಕೈ ಮುಟ್ಟಿ ಮಾಸಿದ ಪುಟಗಳು. ಒಮ್ಮೆ ದೂರದ ಊರಿನ ಅಂಗಡಿಯೊಂದರಿಂದ ಅಸಲಿ ಎಂದು ತರಿಸಿದ ಬ್ರೇಕ್ ಸಿಲಿಂಡರ್ ಕಿಟ್ಟು ಎರಡೇ ತಿಂಗಳಲ್ಲಿ ಸೋರಿದ ಮೇಲೆ, ಮೋಸ ಹೋದ ಸಾಮಾನಿಗೂ ಒಂದು ಪುಟ ಮೀಸಲಿಟ್ಟೆವು.

ನಮ್ಮ ಚಟುವಟಿಕೆಯ ಮುಖ್ಯ ಭಾಗ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಘಟ್ಟದ ಕೆಳಗಿನವರ ಶತ್ರು ಉಪ್ಪು, ಮೇಲಿನವರ ಶತ್ರು ಬೂಷ್ಟು ಮತ್ತು ಇಲಿ. ವೈರಿನ ಹೊದಿಕೆ ಕಡಿದು ಬಾನೆಟ್ಟಿನೊಳಗೆ ಗೂಡು ಕಟ್ಟುವ ಇಲಿಯಿಂದಾದಷ್ಟು ನಷ್ಟ ನಮ್ಮ ಬಳಗಕ್ಕೆ ಯಾವ ಅಪಘಾತದಿಂದಲೂ ಆಗಿಲ್ಲ. ಮೃಗಶಿರ ಮಳೆಗೆ ಮುನ್ನ ಪ್ರತಿ ಕಾರನ್ನೂ ತೊಳೆದು, ಒಣಗಿಸಿ, ಅಡಿಭಾಗಕ್ಕೆ ಎಣ್ಣೆ ಬಳಿದು, ಚಕ್ರದ ಭಾರ ಇಳಿಯುವಂತೆ ದಿಮ್ಮಿಗಳ ಮೇಲೆ ಏರಿಸಿ, ಬ್ಯಾಟರಿ ತೆಗೆದಿಡುತ್ತೇವೆ. ಎಂಜಿನ್ನಿನ ಪ್ಲಗ್ಗುಗಳಿಗೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ ಕಿಡಿ ಹಾರುವುದಿಲ್ಲ. ಒಣ ಬಟ್ಟೆಯಲ್ಲಿ ಅದನ್ನು ಒರೆಸುವ ಕೆಲಸವನ್ನು ನಾನು ನನ್ನ ಮೊಮ್ಮಗಳಿಗೆ ವಹಿಸಿದ್ದೇನೆ.

ಈಚಿನ ವರ್ಷಗಳಲ್ಲಿ ಪೆಟ್ರೋಲೇ ಒಂದು ಹೊಸ ತಲೆನೋವು. 2000ದಲ್ಲಿ ದೇಶಾದ್ಯಂತ ಸೀಸ ಬೆರೆಸಿದ ಪೆಟ್ರೋಲು ನಿಂತಾಗ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳು ಸವೆಯುವ ಭಯವಿತ್ತು. ನಿಧಾನವಾಗಿ ಓಡಿಸುವ ನಮ್ಮಂಥವರಿಗೆ ಅದು ಅಷ್ಟಾಗಿ ಕಾಡಲಿಲ್ಲ, ರಿಪೇರಿಗೆ ಬಂದಾಗ ಗಟ್ಟಿ ಲೋಹದ ಸೀಟು ಕೂರಿಸಿಕೊಂಡೆವು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ಟ್ಯಾಂಕಿನೊಳಗೆ ತಿಂಗಳುಗಟ್ಟಲೆ ಇಟ್ಟರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ತಳದ ತಗಡು ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರು ಹೋಸುಗಳನ್ನಂತೂ ಅದು ಮೆತ್ತಗೆ ಮಾಡಿ ಸೀಳುತ್ತದೆ. ಕುಮಟೆಯಿಂದ ಮರಳುವಾಗ ಒಮ್ಮೆ ನನ್ನ ಹೆರಾಲ್ಡಿನ ಹೋಸು ಘಟ್ಟದ ಬುಡದಲ್ಲಿಯೇ ಸೀಳಿ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ತೊಟ್ಟಿಕ್ಕುವುದನ್ನು ವಾಸನೆಯಿಂದ ಪತ್ತೆ ಹಚ್ಚಿದೆ. ಆ ದಿನದಿಂದ ಎಥನಾಲ್ ತಾಳುವ ಹೋಸು ಹಾಕಿಸದ, ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಇಲ್ಲದ ಕಾರು ನಮ್ಮ ಜೊತೆ ಹೊರಡುವಂತಿಲ್ಲ. ಮಳೆಗಾಲಕ್ಕೆ ಮೊದಲು ಟ್ಯಾಂಕು ಪೂರ್ತಿ ಬರಿದು ಮಾಡುವುದೂ ನಿಯಮವಾಯಿತು.

ಆಯುಧಪೂಜೆಗೆ ಗಾಡಿಗಳು ದಿಮ್ಮಿಯಿಂದ ಇಳಿಯುತ್ತವೆ. ಪೂಜೆಯ ಮರುವಾರದಿಂದ ತಿಂಗಳಿಗೊಂದು ಭಾನುವಾರದ ಸವಾರಿ. ಬಸ್ಸು ಲಾರಿಗಳ ದಟ್ಟಣೆಗೆ ಮೊದಲೇ, ಬೆಳಗಿನ ಐದೂವರೆಗೆ ಶಿರಸಿ ಬಿಟ್ಟು ದೇವಿಮನೆ ಇಳಿದು ಕುಮಟೆಯಲ್ಲಿ ತಿಂಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯ ಗಾಡಿಗಳು ಬಂದರಿಗೆ ಇಳಿದದ್ದು ಈ ಘಟ್ಟಗಳಲ್ಲಿಯೇ, ಕುಮಟಾ ಹತ್ತಿ ಎಂಬ ಹೆಸರು ಆಗ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಚಲಾವಣೆಯಲ್ಲಿತ್ತು. ನಮ್ಮ ಕಾರುಗಳ ಬ್ರೇಕು ಡ್ರಮ್ಮಿನವು. ಇಳಿಜಾರಿನುದ್ದಕ್ಕೂ ಒತ್ತಿ ಹಿಡಿದರೆ ಲೈನರು ಕಾದು ಹಿಡಿತ ಬಿಡುತ್ತದೆ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಲಾರಿ ಚಾಲಕರ ಪಾಠವನ್ನು ಹೊಸಬರಿಗೆ ಮೊದಲು ಹೇಳುವುದು. ಕಾರವಾರದವರು ಬರುವ ಸವಾರಿ ಬೇರೆ, ಅದು ಅಂಕೋಲೆಯ ಮೇಲೆ ಅರಬೈಲು ಘಟ್ಟ ಏರಿ ಯಲ್ಲಾಪುರಕ್ಕೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಆ ವರ್ಷ ಸವಾರಿಯ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ.

ವರ್ಷಕ್ಕೊಮ್ಮೆ ಒಂದು ಸ್ಪರ್ಧೆ ನಡೆಸುತ್ತೇವೆ, ಅದು ವೇಗದ ಸ್ಪರ್ಧೆಯಲ್ಲ. ಕಾಲ, ವೇಗ, ದೂರ ಮೂರನ್ನೂ ಲೆಕ್ಕ ಹಾಕುವ ಈ ಬಗೆಯ ರ‍್ಯಾಲಿಯಲ್ಲಿ ಗೊತ್ತುಪಡಿಸಿದ ಸರಾಸರಿಯಲ್ಲಿ ಓಡಿ ಗೊತ್ತಾದ ಕ್ಷಣಕ್ಕೆ ತಲಪಬೇಕು. 12 ಕಿಲೋಮೀಟರನ್ನು ಗಂಟೆಗೆ 30ರ ಸರಾಸರಿಯಲ್ಲಿ ಎಂದರೆ 24 ನಿಮಿಷ. ಒಂದು ನಿಮಿಷ ತಡವಾದರೆ ಒಂದು ದಂಡ, ಒಂದು ನಿಮಿಷ ಮೊದಲೇ ಬಂದರೆ ಎರಡು. ದಾರಿಯ ಹೆಸರು ಕೊಡುವುದಿಲ್ಲ, ಪ್ರತಿ ಕವಲಿನ ಗೆರೆಚಿತ್ರ ಮತ್ತು ದೂರ ಮಾತ್ರ ಇರುವ ಪುಸ್ತಕ ಕೊಡುತ್ತೇವೆ. ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಯಿಂದ ಬಂದ ಪದ್ಧತಿಯಾದ್ದರಿಂದ ಈ ಚಿತ್ರಗಳಿಗೆ ಜಗತ್ತಿನ ಎಲ್ಲೆಡೆ ಟ್ಯೂಲಿಪ್ ಎಂದೇ ಹೆಸರು. ಚಾಲಕನಿಗಿಂತ ಪಕ್ಕದಲ್ಲಿ ಗಡಿಯಾರ ಹಿಡಿದು ಕುಳಿತವರ ಪಾತ್ರ ದೊಡ್ಡದು, ಕಳೆದ ಬಾರಿ ಗೆದ್ದ ಜೋಡಿಯಲ್ಲಿ ಲೆಕ್ಕ ಹಾಕಿದವರು ಪ್ರಾಥಮಿಕ ಶಾಲೆಯ ಒಬ್ಬ ಅಕ್ಕೋರು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಹೂಡುವುದು ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಪಂದ್ಯ ಕಟ್ಟಿದ ಒಬ್ಬ ತರುಣನನ್ನು ನಾವು ಬಳಗದಿಂದ ಹೊರಗಿಟ್ಟೆವು, ಅವನ ತಂದೆ ನನ್ನ ಹಳೆಯ ಗೆಳೆಯನಾಗಿದ್ದರೂ.

ಕಾಗದಪತ್ರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಎಂಬ ಪ್ರತ್ಯೇಕ ವರ್ಗ ಮಾಡಿ, ವಿ.ಎ. ಅಕ್ಷರಗಳಿರುವ ಸಂಖ್ಯೆ ಕೊಡತೊಡಗಿತು; ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂತಹ ಉದ್ದೇಶಗಳಿಗಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ನನ್ನ 1968ರ ಹೆರಾಲ್ಡ್ ಅದಕ್ಕೆ ಅರ್ಹವಾದರೂ ನಾನು ಸಾಮಾನ್ಯ ನೋಂದಣಿಯಲ್ಲಿಯೇ ಉಳಿದಿದ್ದೇನೆ; ಶನಿವಾರ ಸಂತೆಗೆ ಹೋಗಲಾಗದ ಕಾರು ನನಗೆ ಬೇಡ.

ಕೊನೆಗೆ ಸಭೆಯಲ್ಲಿರುವ ತೋಟದ ಮನೆಯವರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ, ಅಡಿಕೆ ಚೀಲಗಳ ಹಿಂದೆ, ಅಜ್ಜನ ಕಾಲದ ಕಾರಿನ ಸಾಮಾನು ಗೋಣಿಯಲ್ಲಿ ಬಿದ್ದಿದ್ದರೆ ಗುಜರಿಯವನಿಗೆ ತೂಗಿ ಕೊಡುವ ಮೊದಲು ನಮಗೊಂದು ಮಾತು ತಿಳಿಸಿ. ಹೋದ ವರ್ಷ ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಹಾಗೆಯೇ ಹೆರಾಲ್ಡಿನ ಹಿಂದಿನ ದೀಪದ ಕೆಂಪು ಗಾಜು ಸಿಕ್ಕಿತು, ಕಾಗದದ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಅದು ಎಡಗಡೆಯದು. ನನ್ನ ಕಾರಿಗೆ ಬೇಕಾಗಿರುವುದು ಬಲಗಡೆಯದು.